ಆಯಿ ಮತ್ತು ಸತ್ತ ಜ್ವಾಲಾಮುಖಿ

ಇವತ್ತು ಖಾಸಬಾಗದಲ್ಲಿ ಯಾರದೋ ಮನೆಗೆ ಪಾಯ ತೋಡುತ್ತಿದ್ದರು. ಒಡೆದ ಕರಿಕಲ್ಲಿನ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಸಾಲೆಯಲ್ಲಿ ನಮಗೆ ಭೂಗೋಳ ಕಲಿಸುತ್ತಿದ್ದ ಅಕ್ಕೋರು ನೆನಪಾದರು.

ಅವರು ದಿನಾ ಖಾನಾಪುರದಿಂದ ರೈಲಿನಲ್ಲಿ ಬರುತ್ತಿದ್ದರು. ಒಂದಿನ ಬೋರ್ಡಿನ ಮೇಲೆ ಮೂರು ಗುಡ್ಡ ಬರೆದು, ಉರಿಯುವುದು, ಮಲಗಿದ್ದು, ಸತ್ತದ್ದು ಎಂದು ಜ್ವಾಲಾಮುಖಿಯ ಮೂರು ಬಗೆ ಹೇಳಿಕೊಟ್ಟರು. "ನಮ್ಮ ಬೆಳಗಾವಿ ಕರಿಕಲ್ಲೂ ಒಂದ ಕಾಲಕ್ಕ ಕುದಿಯೋ ಲಾವಾರಸನ ಆಗಿತ್ತು" ಅಂದರು.

ನಾನು ಅದನ್ನು ಮನೆಯಲ್ಲಿ ಹೇಳಿದೆ. ಮರುದಿನದಿಂದ ನನ್ನ ಅಜ್ಜಿ, ಅಂದರೆ ಆಯಿ, ನನ್ನನ್ನು ಸಾಲೆಗೆ ಕಳಿಸಲೇ ಇಲ್ಲ. "ಸಾಯೂದಿದ್ರ ಎಲ್ಲಾರೂ ಮನಿಯಾಗ ಕೂಡೇ ಸಾಯೂಣು" ಎಂದು ಬಾಗಿಲಿಗೆ ಅಡ್ಡ ಕುಳಿತಳು.

ಕೊನೆಗೊಂದು ಸಂಜೆ ಅಕ್ಕೋರೇ ಮನೆಗೆ ಬಂದರು.

"ಆಯೀ, ಇದು ಸತ್ತದ್ದರೀ."

"ಸತ್ತಿದ್ದ ನೋಡಿದವರ ಯಾರು?"

"ಕೋಟಿಗಟ್ಟಲೆ ವರ್ಷ ಆತ್ರೀ!"

"ಹಂಗಾರ ಭಾಳ ಮಲಗೇತಿ. ಇನ್ನ ಏಳತೈತಿ."

ಅಕ್ಕೋರು ಹಣೆ ಬಡಿದುಕೊಂಡರು. ಅವರ ರೈಲಿನ ಹೊತ್ತು ಬೇರೆ ಮೀರುತ್ತಿತ್ತು. "ಎದ್ರ ಏಳಲಿ ಬಿಡ್ರೀ! ನಾನೂ ಅಲ್ಲೇ ಸಾಲ್ಯಾಗ ಸಾಯ್ತೀನಿ, ನಿಮ್ಮ ಮೊಮ್ಮಗಳ ಕೈ ಹಿಡಕೊಂಡ!" ಎಂದು ಚೀರಿದರು.

ಆಯಿ ಅವರ ಮುಖವನ್ನೇ ನೋಡಿದಳು. "ಹಂಗಂತ ಮೊದಲ ಹೇಳಬಾರದೇನವಾ?" ಎಂದು ಚಹಾ ಇಡಲು ಎದ್ದಳು.

ಮರುದಿನ ನಾನು ಸಾಲೆಗೆ ಹೋದೆ. ಅಂದು ಭೂಕಂಪದ ಪಾಠ. ಶುರು ಮಾಡುವ ಮೊದಲು ಅಕ್ಕೋರು ಸೀದಾ ನನ್ನ ಹತ್ತಿರ ಬಂದು, "ಇದನ್ನ ಮನಿಯಾಗ ಹೇಳಬ್ಯಾಡವಾ, ಕೈ ಮುಗೀತೀನಿ" ಅಂದರು.

ಈಗ ನಾನೂ ಏಳನೇ ಇಯತ್ತೆಗೆ ಭೂಗೋಳ ಕಲಿಸುತ್ತೇನೆ. ಭೂಕಂಪದ ಪಾಠ ಬಂತೆಂದರೆ ಪುಸ್ತಕ ತೆರೆಯುವ ಮೊದಲು ನಾನೂ ಮಕ್ಕಳಿಗೆ ಕೈ ಮುಗಿಯುತ್ತೇನೆ.