ಗಂಗವ್ವನಿಗೆ ಬೇಯಿಸಿದ ಹಣ್ಣು

ದೋರನಹಳ್ಳಿಯಿಂದ ನಾನು ಕೃಷ್ಣೆಯ ದಂಡೆಯ ಊರಿಗೆ ಸೊಸೆಯಾಗಿ ಬಂದಾಗ ನಿಜಾಮನ ಆಳಿಕೆ ಹೋಗಿತ್ತು; ಸುರಪುರದ ಸಂತೆಯಲ್ಲಿ ಅವನ ಸಿಕ್ಕಾ ನಾಣ್ಯ ಮಾತ್ರ ಇನ್ನೂ ಓಡುತ್ತಿತ್ತು. ಗಂಡನ ಮನೆಯವರಿಗೆ ದಂಡೆಯ ಮೇಲೆ ಜೋಳದ ಹೊಲ. ಬೇಸಿಗೆಯಲ್ಲಿ ಹೊಳೆ ಬತ್ತಿದ ಮೇಲೆ ಮಳಲಿನಲ್ಲಿ ಖರಬೂಜ ಹಾಕಿ, ಹಣ್ಣು ಮುಗಿಯುವ ತನಕ ಎಲ್ಲರೂ ಅಲ್ಲೇ ಗುಡಿಸಲಲ್ಲಿ ಇರುತ್ತಿದ್ದರು. ಹೊಸ ಸೊಸೆ ಆ ಮಳಲು ತುಳಿಯಬೇಕಾದರೆ ಒಂದು ಕಟ್ಟುಪಾಡು ಇತ್ತು. ಮೊದಲ ಹಣ್ಣಿನ ಒಂದು ಹೋಳು ಗಂಗವ್ವನಿಗೆ, ಅಂದರೆ ಹೊಳೆಗೆ, ಇನ್ನೊಂದು ಸೊಸೆಗೆ. ಅವಳು ತಿಂದರೆ ಗಂಗವ್ವ ಒಪ್ಪಿಕೊಂಡ ಹಾಗೆ.

ನಾನೂ ಬಾಯಿಗಿಟ್ಟೆ. ನಾಲಿಗೆ ತುರಿಸಿತು, ತುಟಿ ಊದಿತು, ಗಂಟಲಲ್ಲಿ ಕಂಬಳಿಹುಳು ಹರಿದಂತಾಯಿತು. ಎಲ್ಲರೆದುರು ಉಗುಳಿಬಿಟ್ಟೆ.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಎಳ್ಳ ಅಮಾಸಿಗೆ ಭೂಮಿತಾಯಿಗೆ ಚರಗದ ಎಡಿ ಚೆಲ್ಲಾಗ ಹೂ ಬಿಟ್ಟ ಜ್ವಾಳದಾಗ ನಿಂತು ಸೀನಿ ಸೀನಿ ಕಣ್ಣು ಕೆಂಪು ಮಾಡ್ಕೊಂಡಿದ್ದಿ. ಅವತ್ತ ಭೂಮಿತಾಯಿ ಒಲ್ಲೆ ಅಂದ್ಲು, ಇವತ್ತ ಗಂಗವ್ವ. ಎರಡೂ ಒಂದ ರೋಗ ಐತವಾ," ಎಂದರು.

ಕೆಟ್ಟ ಹೆಂಗಸಲ್ಲ ಅವರು. ಆದರೆ ಕಟ್ಟು ಕಟ್ಟೇ. ನನ್ನನ್ನು ದಂಡೆಯ ಮನೆಯಲ್ಲೇ ಬಿಟ್ಟರು. ಮದುವೆಯಾಗಿ ವರ್ಷ ತುಂಬಿಲ್ಲ. ಗಂಡ ಮಳಲಿನಲ್ಲಿ, ನಾನು ಆಡುಗಳ ಜೊತೆ. ಬುತ್ತಿ ಒಯ್ದರೆ ಅವರು ದಂಡೆಗೇ ಬಂದು ಇಸಿದುಕೊಂಡು ಹೋಗುತ್ತಿದ್ದರು. ಆ ಹಣ್ಣಿನ ಮೇಲೆ ನನಗೆ ಬಂದ ಸಿಟ್ಟು ಸವತಿಯ ಮೇಲೂ ಬರಲಿಕ್ಕಿಲ್ಲ.

ಒಂದು ಮಧ್ಯಾಹ್ನ ಆಡು ಮೇಯಿಸಿ ಬಂದಾಗ ಒಲೆಯ ಮೇಲೆ ಬೆಲ್ಲ ಹಾಕಿ ಬೇಯಿಸಿದ ಪಲ್ಯವಿತ್ತು. ಅತ್ತೆ ಮನೆಗೆ ಬಂದು ಮಾಡಿಟ್ಟು, ನೀರಿಗೆ ಹೋಗಿದ್ದರು. ಹಸಿದಿದ್ದೆ, ರೊಟ್ಟಿಗೆ ಹಚ್ಚಿಕೊಂಡು ಹೊಟ್ಟೆ ತುಂಬ ತಿಂದೆ. ಅವರು ಕೊಡ ಇಳಿಸುವಾಗ, "ಕುಂಬಳಕಾಯಿ ಭಾಳ ಚಲೋ ಆಗೈತ್ರಿ ಅತ್ತಿ," ಎಂದೆ.

ಅತ್ತೆ ಎದುರಿಗೆ ಕೂತು ನನ್ನ ತುಟಿಯನ್ನೇ ನೋಡತೊಡಗಿದರು. ತುಟಿ ಊದಲಿಲ್ಲ.

"ಅದು ಕುಂಬಳಕಾಯಿ ಅಲ್ಲ, ಯವ್ವಾ. ಒಡದ ಖರಬೂಜ, ಚೆಲ್ಲಾಕ ಮನಸ ಬರಲಿಲ್ಲ."

ಮರುದಿನ ಬೆಳಿಗ್ಗೆ ಹಣ್ಣು ಬೇಯಿಸಿಕೊಂಡು ನನ್ನನ್ನು ಹೊಳೆಗೆ ಕರೆದೊಯ್ದರು. ಒಂದು ಸೌಟು ಮುತ್ತಲ ಎಲೆಯ ಮೇಲಿಟ್ಟು ನೀರಿಗೆ ಬಿಟ್ಟರು, ಇನ್ನೊಂದು ನನ್ನ ಕೈಗೆ ಹಾಕಿದರು. ಗಂಡ ನಕ್ಕು, "ಗಂಗವ್ವಗ ಯಾರಾರ ಬೇಸಿದ್ದು ಕೊಡ್ತಾರೇನಬೇ?" ಎಂದರು.

"ಆಕೀನೂ ಹೆಣ್ಮಗಳಪಾ. ಹಸೀದು ಆಕಿಗೂ ತುರಸ್ತಿತ್ತೇನೋ. ಇಷ್ಟು ದಿನ ಯಾರು ಕೇಳ್ಯಾರ?"

ಅದನ್ನು ತಿಂದು ಆ ದಿನ ನಾನು ಮಳಲು ತುಳಿದೆ. ಅಷ್ಟು ಸುಖದ ಬೇಸಿಗೆಯನ್ನು ಮತ್ತೆ ಕಾಣಲಿಲ್ಲ.

ಎಷ್ಟೋ ವರ್ಷದ ಮೇಲೆ ಯಾದಗಿರಿಯ ಡಾಕ್ಟರೊಬ್ಬರು ಇದನ್ನು ಅಲರ್ಜಿ ಎಂದರು. ಜೋಳದ ಹೂವಿನ ಪುಡಿಯಲ್ಲಿರುವಂಥದೇ ಒಂದು ಅಂಶ ಖರಬೂಜದಲ್ಲೂ ಇದೆಯಂತೆ. ಮೈ ಅದಕ್ಕೂ ಇದಕ್ಕೂ ಫರಕು ತಿಳಿಯದೆ ಸಿಡಿಯುತ್ತದಂತೆ. ಬೇಯಿಸಿದರೆ ಆ ಅಂಶ ಕೆಡುತ್ತದಂತೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ, ಜೋಳದ ಮೇಲಿನ ಸಿಟ್ಟು ಖರಬೂಜದ ಮೇಲೆ. ಎರಡೂ ಒಂದೇ ರೋಗ ಎಂದು ಅತ್ತೆ ಅಂದೇ ಹೇಳಿದ್ದರು, ದೇವರನ್ನು ನಡುವೆ ಎಳೆದದ್ದಷ್ಟೇ ಹೆಚ್ಚಾಯಿತು.

ಈಗ ಮನೆಗೆ ನನ್ನ ಸೊಸೆಯರು ಬಂದಿದ್ದಾರೆ. ಅವರು ಹಸಿ ಹಣ್ಣನ್ನೇ ಕಚ್ಚಿ ತಿನ್ನುತ್ತಾರೆ, ಏನೂ ಆಗುವುದಿಲ್ಲ. ಹೊಳೆಗೆ ಮಾತ್ರ ಇಂದಿಗೂ ಬೇಯಿಸಿದ್ದೇ ಹೋಗುತ್ತದೆ. ಯಾಕೆಂದು ಯಾರಾದರೂ ಕೇಳಿದರೆ ಅವರ ಉತ್ತರ ಒಂದೇ: "ನಮ್ಮ ಗಂಗವ್ವಗ ಹಸೀದು ಆಗಂಗಿಲ್ಲರಿ."