ಹವಾಲ್ದಾರರು ಮನಿಯೊಳಗ ಕೊರತಿ ಹುಡುಕಿದ್ದು

ನಮ್ಮ ಮನಿಯವರು ಮಿಲಿಟರಿಯೊಳಗ ಹವಾಲ್ದಾರ. ಫೋನ್ ಹಚ್ಚಿದಾಗ ಯಾವ ಗುಡ್ಡದ ಮ್ಯಾಲೆ ಅದೀರಿ, ಎಷ್ಟು ಮಂದಿ ಅದೀರಿ ಅಂತ ಕೇಳಿದ್ರ ಬಾಯಿ ಬಿಡ್ತಿರಲಿಲ್ಲ. ಆದ್ರ ಒಲಿ ಬಗ್ಗೆ ಕೇಳಿದ್ರ ಮುಗೀತು, ಫೋನಿನ ಚಾರ್ಜ್ ಹೋಗೂತನಕ ಹೇಳೂದ ಹೇಳೂದು. ಹೌದ್ರಿ, ಒಲಿ! ಎಲ್ಲಾರ ಗಂಡಂದ್ರು ಬಂದೂಕ, ತೋಪು ಅಂತ ಮಾತಾಡಿದ್ರ ನನ್ನ ಹಣೇದಾಗ ಒಲಿ ಬರದಿತ್ತು.

ಯಾಕಂದ್ರ ಅವರನ್ನ ಹೊಸಾ ಸಾಮಾನು ಪರೀಕ್ಷಾ ಮಾಡೂ ತಂಡಕ್ಕ ಹಾಕಿದ್ರು. ಬೂಟು, ಕೈಗವಸು, ಡೇರೆ, ಒಲಿ, ಏನ ಇರಲಿ, ಫೌಜಿಗೆ ತಗೊಳ್ಳೂಕಿಂತ ಮೊದಲ ಇಂಥವರ ಕೈಯಾಗ ಕೊಟ್ಟು ಹಿಮದಾಗ ಕಳಸ್ತಾರ. ನಾನು ನಮ್ಮೂರು ಯರಗುಪ್ಪಿಯೊಳಗ ರೊಟ್ಟಿ ಬಡಕೋತ, ಫೋನ್ ಡಬ್ಬಿಗೆ ಆನಿಸಿ ಇಟ್ಟು, ಕೇಳತಿದ್ದೆ. ಕೇಳಿ ಕೇಳಿ ನನಗೂ ಅರ್ಧಾ ಫೌಜು ತಿಳೀತು.

ಅವರು ಹೇಳೂ ಪ್ರಕಾರ ಅಲ್ಲಿ ಮೊದಲ ಸಾಮಾನಿನ ವಿಚಾರ ಮಾಡಂಗಿಲ್ಲ. ಮುಂದ ಹತ್ತು ಹದಿನೈದು ವರ್ಷದಾಗ ವೈರಿ ಏನು ಮಾಡಬಹುದು, ಆಗ ನಮ್ಮವರು ಯಾವ ಕೆಲಸಾ ಮಾಡಬೇಕಾಗತೈತಿ, ಅದನ್ನ ಮೊದಲ ದೊಡ್ಡ ಸಾಹೇಬ್ರು ಕೂತು ವಿಚಾರ ಮಾಡ್ತಾರ. ಆಮ್ಯಾಲೆ ಇದ್ದ ಮಂದಿ, ಇದ್ದ ಸಾಮಾನು ಹಿಡಕೊಂಡು ಆ ಕೆಲಸಾ ಮಾಡಿ ನೋಡ್ತಾರ. ಎಲ್ಲಿ ಕೈಲಾಗಲಿಲ್ಲೋ ಅದು ಕೊರತಿ. ಕೊರತಿ ಸಿಕ್ಕ ಕೂಡ್ಲೆ ಅಂಗಡಿಗೆ ಓಡಂಗಿಲ್ಲ. ಮಂದಿಗೆ ಬ್ಯಾರೆ ಥರ ಕಲಿಸಿದ್ರ ಆಗತೈತೇನು, ಮಾಡೂ ರೀತಿ ಬದಲಿ ಮಾಡಿದ್ರ ಆಗತೈತೇನು ಅಂತ ನೋಡ್ತಾರ. ಯಾವದಕ್ಕೂ ಬಗ್ಗಲಿಲ್ಲಂದ್ರ ಅಷ್ಟ ಹೊಸಾದು ಕೇಳ್ತಾರ.

ಒಲಿ ಕತಿನೂ ಹಂಗ. ಹಳೇ ಒಲಿ ಛಲೋನ ಇತ್ತಂತ. ಹಿಮ ಕರಗಸ್ತಿತ್ತು, ಡೇರೆ ಬೆಚ್ಚಗ ಇಡ್ತಿತ್ತು. ಆದ್ರ ಈಗ ತಲಿ ಮ್ಯಾಲೆ ಡ್ರೋನ್ ಹಾರತಾವ, ಬಿಸಿ ಇದ್ದ ಜಾಗಾ ಅವಕ್ಕ ಕತ್ತಲಾಗೂ ಕಾಣತೈತಿ. ಒಲಿ ಏನೂ ಕೆಟ್ಟಿಲ್ಲ, ಕಾಲ ಬದಲಾತು. ಮನುಷ್ಯಾನ್ನ ಬೆಚ್ಚಗ ಇಡಬೇಕು, ಮ್ಯಾಲಿನ ಕಣ್ಣಿಗೆ ಬೀಳಬಾರದು, ಅಂಥಾದ್ದು ಬೇಕಾತು. ಅಷ್ಟಕ್ಕ ಬಿಟ್ಟಿದ್ರ ಬೇಷಿತ್ತು. ಒಬ್ಬ ಸಾಹೇಬ್ರು ಹಗುರ ಇರಲಿ ಅಂದ್ರಂತ, ಇನ್ನೊಬ್ಬರು ಗುಡ್ಡದ ಮ್ಯಾಲಿಂದ ಉಳ್ಳಿದ್ರೂ ಒಡೀಬಾರದು ಅಂದ್ರಂತ, ಮತ್ತೊಬ್ಬರು ಯಾ ಎಣ್ಣಿ ಹಾಕಿದ್ರೂ ಉರೀಬೇಕು ಅಂದ್ರಂತ. ಎಲ್ಲಾ ಕೂಡಿಸಿ ನೋಡಿದ್ರ ಅಂಥಾ ಒಲಿ ಈ ಭೂಮಿ ಮ್ಯಾಲೆ ಯಾರೂ ಮಾಡಿಲ್ಲ!

ನಮ್ಮ ಅತ್ತಿ ಬಾಜೂಕ ಕೂತು ಕೇಳಾಕತ್ತಿದ್ರು. ಫೋನಿಗೆ ಬಾಯಿ ಹಚ್ಚಿ, "ಲೇ ತಮ್ಮಾ, ನಿನಗ ಹೆಣ್ಣು ನೋಡುಮುಂದ ನಾನೂ ಹಿಂಗ ಮಾಡಿದ್ದೆ ನೋಡು. ಬೆಳ್ಳಗಿರಬೇಕು, ಹಾಡು ಬರಬೇಕು, ಹೊಲಾ ಮಾಡಬೇಕು, ಎದುರು ಮಾತಾಡಬಾರದು ಅಂತ. ಕಡೀಕೆ ಇಕಿ ಸಿಕ್ಕಳು" ಅಂದ್ರು. ಗುಡ್ಡದ ಮ್ಯಾಲೆ ಅವರು ನಗತಾರ, ಇಲ್ಲಿ ಅತ್ತಿ ನಗತಾರ. ನಾನು ರೊಟ್ಟಿ ಒಂದೀಟು ಜೋರ ಬಡದೆ.

ಆ ವರ್ಷ ಮೆಣಸಿನಕಾಯಿ ಬಿಡಿಸೂ ಹೊತ್ತಿಗೆ ಅವರು ರಜಾಕ್ಕ ಬಂದ್ರು. ಒಂದು ಮಾತು ಇತ್ಯರ್ಥ ಆಗಬೇಕಿತ್ತು. ನೌಕರಿ ಅವಧಿ ಮುಗಿಯಾಕ ಬಂದಿತ್ತು. ಇನ್ನೆರಡು ವರ್ಷ ಎಕ್ಸ್‌ಟೆನ್ಷನ್ ತಗೋಬೇಕೋ, ಪೆನ್ಶನ್ ತಗೊಂಡು ಊರಿಗೆ ಬರಬೇಕೋ ಅಂತ ರಜಾ ಮುಗಿಯೂದರೊಳಗ ಆಫೀಸಿಗೆ ತಿಳಸಬೇಕು. ಲಗ್ನ ಆದಾಗಿಂದ ಈ ಮನುಷ್ಯಾನ್ನ ನಾನು ಬರೇ ರಜಾದಾಗ ನೋಡೀನಿ. ನನಗ ಅವರು ಬರಬೇಕಾಗಿತ್ತು, ಮತ್ತೇನಿಲ್ಲ. ಆದ್ರ ನಾನಾಗೆ ಯಾಕ ಹೇಳಲಿ, ತಾವಾಗೆ ಹೇಳಲಿ ಅಂತ ಸುಮ್ಮನಿದ್ದೆ. ಅವರೂ ಆ ಮಾತು ಎತ್ತವಲ್ಲರು.

ಒಂದಿನ ಮೋಡ ಆತು. ಹಿತ್ತಲ ಕಣದಾಗ ಮೆಣಸಿನಕಾಯಿ ಹರವಿತ್ತು, ನನ್ನ ಜೀವ ಹಾರಿತು. ಅವತ್ತು ಮಳಿ ಬರಲಿಲ್ಲ, ಆದ್ರೂ ಹೇಳಿದೆ: "ರೀ, ಒಂದು ದೊಡ್ಡ ತಾಡಪತ್ರಿ ತರ್ರಿ."

"ಸಾಮಾನಿನ ಹೆಸರು ಹೇಳಬ್ಯಾಡ, ಕೆಲಸಾ ಹೇಳು" ಅಂದ್ರು.

"ಏನ್ ಕೆಲಸಾ ಹೇಳೂದು, ನನ್ನ ತಲಿ! ಮಳಿ ಬಂದ್ರ ಕಾಯಿ ತೋಯಬಾರದು!"

"ಹಾಂ, ಇದು ಮಾತು" ಅಂದು ಗಲ್ಲಾ ಕೆರಕೊಂಡು ಕಣದ ಸುತ್ತ ತಿರುಗಾಡಿದ್ರು. ಇದು ಛಲೋ ಲಕ್ಷಣ ಅಲ್ಲ ಅಂತ ನನಗ ಆಗಲೇ ತಿಳೀಬೇಕಿತ್ತು.

ಮರುದಿನ ಮಧ್ಯಾಹ್ನ ಸುಡು ಬಿಸಲು, ಮೋಡದ ತುಣುಕೂ ಇಲ್ಲ. ನಾನು ಒಳಗ ಹಿಟ್ಟು ನಾದಾಕತ್ತೀನಿ, "ಮಳಿ ಬಂತೂ! ಮಳಿ ಬಂತೂ!" ಅಂತ ಹಿತ್ತಲದಾಗ ಕೂಗು. ಹಿಟ್ಟಿನ ಕೈಲೇ ಓಡಿದೆ. ಅತ್ತಿ ಮೊಣಕಾಲು ಹಿಡಕೊಂಡು ಬಂದ್ರು. ನಾವಷ್ಟ ಆಗಿದ್ರ ಪಾಡಿತ್ತು. ಬಾಜೂಮನಿ ಕಾಕು ಓಡಿ ಬಂದ್ರು, ಅವರನ್ನ ನೋಡಿ ಅವರ ಬಾಜೂದವರು, ಹಿಂಗ ಇಡೀ ಓಣಿ ಹೆಣ್ಮಕ್ಕಳು ತಂತಮ್ಮ ಕಣಕ್ಕ ಬಿದ್ದು ಕಾಯಿ ಗುಡಿಸಿ ಚೀಲಾ ತುಂಬಾಕ ಹತ್ತಿದ್ರು. ಮ್ಯಾಲೆ ನೋಡೂ ಪುರಸತ್ತು ಯಾರಿಗೈತಿ? ಅರ್ಧಾ ಚೀಲಾ ತುಂಬಿದ ಮ್ಯಾಲೆ ಕಾಕು ಹಣಿ ಬೆವರು ಒರಸಿಕೊಂಡು ಆಕಾಶ ನೋಡಿದ್ರು. ನಮ್ಮ ಮನಿಯವರು ಕೈಯಾಗಿನ ಗಡಿಯಾರ ನೋಡಿಕೋತ ಗ್ವಾಡಿಗೆ ಆತು ನಿಂತಿದ್ರು.

"ಏನಪಾ ಹವಾಲ್ದಾರ, ಅಲ್ಲಿ ವೈರಿ ಸಿಗಲಿಲ್ಲಂತ ನಮ್ಮ ಮ್ಯಾಲೆ ಬಂದಿಯೇನು?" ಅಂದ್ರು ಕಾಕು. ಅತ್ತಿ ಅಂತೂ ಕಸಬರಿಗಿ ಎತ್ತಿದ್ರು. "ಲೇ, ನಿನಗ ಬುದ್ಧಿ ಐತೇನಲೇ? ಹೇಳಿ ಮಾಡಾಕ ಏನಾಗಿತ್ತು?"

"ಹೇಳಿ ಮಾಡಿದ್ರ ಅದು ಪರೀಕ್ಷಾ ಹೆಂಗ ಆಗತೈತಿ ಯವ್ವಾ?" ಅಂದ್ರು. ನಾಚಿಕಿ ಅನ್ನೂದು ಒಂದೀಟಾದ್ರೂ ಬ್ಯಾಡೇನು! ನಾನು ಅವತ್ತು ಅವರ ಜೋಡಿ ಸಂಜೀತನಕ ಮಾತಾಡಲಿಲ್ಲ.

ಆದ್ರ ಖರೆ ಹೇಳಬೇಕಂದ್ರ, ಅವರಿಗೆ ಕೊರತಿ ಸಿಕ್ಕಿತ್ತು. ಗುಡಿಸೂದರಾಗ ನಾವು ಯಾರಿಗೂ ಕಡಿಮಿ ಇಲ್ಲ. ತಡಾ ಆಗೂದು ಚೀಲದ ಬಾಯಿಯೊಳಗ. ಒಬ್ಬರು ಬಾಯಿ ತೆರದು ಹಿಡೀಬೇಕು, ಒಬ್ಬರು ಸುರೀಬೇಕು, ಅತ್ತಿಗೆ ಬಗ್ಗಾಕ ಬರೂದಿಲ್ಲ. ಅವರು ಅಟ್ಟದ ಮ್ಯಾಗಿನ ಹಳೇ ಸ್ಟೂಲ್ ತಂದು ತಲಿಕೆಳಗ ಮಾಡಿ, ಅದರ ಕಾಲಿಗೆ ಚೀಲದ ಬಾಯಿ ಕಟ್ಟಿದ್ರು. ಈಗ ನಾ ಒಬ್ಬಾಕಿನ ಪುಟ್ಟಿಲೇ ಸುರದು ತುಂಬಬಹುದು. ಬೈದ ಕಾಕೂನ ಮೊದಲ ಬಂದು ನೋಡಿ, ತಮ್ಮನಿ ಸ್ಟೂಲ್ ಹಂಗ ಮಾಡಿಸಿಕೊಂಡು ಹೋದ್ರು. ತಾಡಪತ್ರಿ ಮಾತ್ರ ನಾ ಬಿಡಲಿಲ್ಲ, ಸಂತಿಗೆ ಹೋಗಿ ನಾನ ತಂದೆ.

ಇದರಿಂದ ಅವರಿಗೆ ಭಾಳ ಹುರುಪು ಬಂತು. ಮುಂದಿನ ವಾರ ಚಹಾ ಕುಡಿದು ಕಟ್ಟಿ ಮ್ಯಾಲೆ ಕೂತು, "ಬಾ ಇಲ್ಲೆ. ಬರೂ ಹತ್ತು ವರ್ಷ ಈ ಮನಿಯೊಳಗ ಏನೇನು ಕೆಲಸಾ ಬೀಳತೈತಿ, ಯಾರು ಮಾಡೂದು, ನೋಡೂಣು" ಅಂದ್ರು. ಎಕ್ಸ್‌ಟೆನ್ಷನ್ ಮಾತಿಗೇ ಬಂದಾರ ಅಂತ ಗೊತ್ತಾತು.

"ಹೊಲಾ?" ಅಂದ್ರು.

"ಟ್ರ್ಯಾಕ್ಟರ್ ಬಾಡಿಗಿ ಹೇಳತೇನಿ, ಆಳು ನೋಡತೇನಿ, ಬಾಜೂಮನಿ ಕಾಕಾ ಅದಾರ. ಎಂದಾದ್ರೂ ಹೊಲಾ ಬೀಳ ಬಿಟ್ಟೀವೇನ್ರಿ?"

"ಅವ್ವನ ಮೊಣಕಾಲು?"

"ಸ್ಕೂಟಿ ಮ್ಯಾಲೆ ಕುಂದಗೋಳ ದವಾಖಾನಿಗೆ ನಾನ ಕರಕೊಂಡು ಹೋಗತೇನಿ."

"ಬ್ಯಾಂಕಿಂದು, ಕರೆಂಟ್ ಬಿಲ್ಲು?"

"ನಿಮ್ಮ ಮಗಳು ಹುಬ್ಬಳ್ಳಿ ಕಾಲೇಜಿಗೆ ಹೋಗೂ ಬಸ್ಸಿನ್ಯಾಗ ಕೂತು ಫೋನಿನ್ಯಾಗ ಮುಗಸತಾಳ. ಫ್ಯೂಜ್ ಹೋದ್ರೂ ಅಕೀನ ಹಾಕ್ತಾಳ."

ನಾನು ಜಂಬದಲೇ ಹೇಳಕೋತ ಹೋದೆ. ಇಷ್ಟು ವರ್ಷ ಹೆಂಗ ಮನಿ ನಡಿಸೀನಿ ನೋಡ್ರಿ ಅನ್ನೂ ಜಂಬ. ಅವರು ಒಂದೊಂದಕ್ಕೂ "ಹೂಂ" ಅನಕೋತ ಸಣ್ಣಗ ಆದ್ರು. ಕಡೀಕೆ ಚಹಾದ ಕಪ್ಪು-ಬಸಿ ಕೆಳಗಿಟ್ಟು, "ಹಂಗಾದ್ರ ಈ ಮನಿಯೊಳಗ ಕೊರತಿ ಇಲ್ಲ. ಕೊರತಿ ಇಲ್ಲದ ಕಡೆ ಹೊಸಾದು ತಂದಿಟ್ರ ದಂಡ. ಇನ್ನೆರಡು ವರ್ಷ ಅಲ್ಲೇ ಇರತೇನಿ ಬಿಡು" ಅಂದ್ರು. ನಕ್ಕೋತನ ಅಂದ್ರು, ಆದ್ರ ಕಣ್ಣಾಗ ನಗು ಇರಲಿಲ್ಲ.

ನನಗ ಎಲ್ಲಿತ್ತೋ ಸಿಟ್ಟು! "ಏನಂದ್ರಿ? ನೀವು ಬರತೀರಿ ಅಂತ ಎಲ್ಲಾ ಕೆಲಸಾ ಹಂಗ ಬಿಟ್ಟು ಕೂಡಬೇಕಿತ್ತೇನ್ರಿ ನಾವು? ನೀವು ಇರಲಿಲ್ಲ, ಅದಕ್ಕ ಕಲತೀವಿ. ಸ್ಕೂಟಿ ಕಲಿಯೂಮುಂದ ಬಿದ್ದು ಕೈ ಊದಿಸಿಕೊಂಡಿದ್ದೆ, ನಿಮಗ ಹೇಳೀನೇನು? ನಿಮಗ ಅಲ್ಲಿ ಚಿಂತಿ ಆಗತೈತಂತ ಹೇಳಲಿಲ್ಲ. ಕೆಲಸಕ್ಕ ಮಂದಿ ಬೇಕಂದ್ರ ನಾ ಆಳು ಹಚ್ಚತೇನ್ರಿ. ನೀವು ನನಗ ಯಾ ಕೆಲಸಕ್ಕೂ ಬ್ಯಾಡ. ನೀವು ಬೇಕು, ಅಷ್ಟ!"

ಹೇಳಿದ ಮ್ಯಾಲೆ ನನಗ ಅಳು ತಡಿಯಾಕ ಆಗಲಿಲ್ಲ. ಓಣ್ಯಾಗ ಮಂದಿ ನೋಡತಾರ ಅನ್ನೂ ಖಬರೂ ಇರಲಿಲ್ಲ. ಅವರು ನನ್ನ ಬಾಜೂಕ ಸರದು ಕೂತ್ರು. ಒಳಗಿಂದ ಅತ್ತಿ, "ನನ್ನ ಕೇಳಿದ್ರ ಇದನ್ನ ಮೊದಲ ದಿನಾನ ಹೇಳತಿದ್ದೆ. ನನ್ನ ಯಾರು ಕೇಳತೀರಿ?" ಅಂದ್ರು.

ಮರುದಿನ ಮುಂಜಾನೆ ಅವರು ಆಫೀಸಿಗೆ ಫೋನ್ ಹಚ್ಚಿದ್ರು. ಎಕ್ಸ್‌ಟೆನ್ಷನ್ ಬ್ಯಾಡ, ಊರಿಗೆ ಹೋಗತೇನಿ ಅಂತ ಹಿಂದಿಯೊಳಗ ಹೇಳಿದ್ರು. ಆ ಕಡೆ ಸಾಹೇಬ್ರು, ಯಾಕ, ಮನಿಯೊಳಗ ಏನರ ತೊಂದರಿ ಐತೇನು ಅಂತ ಕೇಳಿದ್ದು ನನಗೂ ಕೇಳಿಸಿತು.

"ಇಲ್ರಿ ಸಾಹೇಬ್ರ, ತೊಂದರಿ ಏನೂ ಇಲ್ಲ" ಅಂದ್ರು ನಮ್ಮ ಮನಿಯವರು. "ಎಲ್ಲಾ ಅಗದಿ ಛಂದ ನಡದೈತಿ. ಅದಕ್ಕ ಹೊಂಟೀನಿ."