ಮೂರು ಹೊತ್ತಿನ ಔಷಧ

ಬೆರಳು ಸುಟ್ಟದ್ದು ದಾನೋಳಿಯ ಹೀರಾಬಾಯಿಗೆ ವಾಸನೆಯಿಂದ ಗೊತ್ತಾಯಿತು. ಹಂಚಿನ ಮೇಲಿನ ರೊಟ್ಟಿ ತಿರುವುತ್ತಿದ್ದಳು. ಉರಿ ಎನಿಸಲೇ ಇಲ್ಲ. ಪಕ್ಕದಲ್ಲಿ ಕಾಯಿಪಲ್ಯೆ ಹೆಚ್ಚುತ್ತಿದ್ದ ಹಿರಿಯ ವಾರಗಿತ್ತಿ ಯಮುನಾಬಾಯಿ ಬೆರಳ ಮೇಲೆದ್ದ ಗುಳ್ಳೆಯನ್ನು ನೋಡಿದಳು, ಆಮೇಲೆ ಅವಳ ಮೊಣಕೈ ಮೇಲಿನ ಕಲೆಯನ್ನು ನೋಡಿದಳು. ಹೆಚ್ಚುವುದನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮೊದಲಿನ ಮಾತು. ಹೀರಾಬಾಯಿ ಹರೆಯದಲ್ಲೇ ಗಂಡನನ್ನು ಕಳೆದುಕೊಂಡು ಭಾವ, ಯಮುನಾಬಾಯಿಯ ಗಂಡ ತಮ್ಮಣ್ಣನ ಮನೆಯಲ್ಲಿ ಉಳಿದವಳು. ನೀರು ಸೋಸುವುದರಿಂದ ಹಿಡಿದು, ಒಲೆಗಿಡುವ ಕಟ್ಟಿಗೆಯನ್ನು ಜಾಡಿಸಿ ಇರುವೆ ಬಿಡಿಸುವವರೆಗೆ ಆ ಜೈನ ಮನೆಯ ಅಡುಗೆಮನೆ ಅವಳದು. ಅವಳಿಗೆ ಬೇರೆ ಮನೆಯಿರಲಿಲ್ಲ.

ಮಳೆಗಾಲದ ಮೊದಲಿಗೆ ಮೊಣಕೈಗಳಿಗೆ ಇಸುಬು ಹತ್ತಿತ್ತು. ಹತ್ತಿರದ ಪೇಟೆ ಇಚಲಕರಂಜಿಯ ಡಾಕ್ಟರು ಸೋಮಲ ಬೆರೆಸಿದ ಔಷಧ ಕೊಟ್ಟಿದ್ದರು. ಸೋಮಲವೆಂದರೆ ಪಾಷಾಣವೇ, ಹನಿಯ ಲೆಕ್ಕದಲ್ಲಿದ್ದರೆ ಮದ್ದು. ದಿನಕ್ಕೆ ಮೂರು ಹೊತ್ತು, ಊಟದ ನಂತರ.

ಮರುದಿನ ಅವಳ ತಾಟು, ತಂಬಿಗೆ ಹಿತ್ತಲ ಕಟ್ಟೆಯ ಮೇಲೆ ಬೇರೆಯಾಗಿ ಕೂತಿದ್ದವು.

"ತ್ವಾಟದಾಗ ನಿನಗ ಇರಾಕ ಖೋಲಿ ಸಾರಿಸಿ ಇಟ್ಟೀವಿ," ತಮ್ಮಣ್ಣ ತೊಲೆಯತ್ತ ನೋಡುತ್ತ ಹೇಳಿದ. "ಅಲ್ಲಿ ಗಾಳಿ ಭಾಳ ಛಲೋ ಐತಿ."

"ಛಲೋ ಇದ್ರ ನೀವ ಹೋಗಿ ಇರ್ರಿ, ಭಾವಾರ."

ಭಾವನೊಡನೆ ಬಾಗಿಲ ಮರೆಯಿಂದಲೇ ಮಾತಾಡುತ್ತಿದ್ದವಳು ಅಂದು ಪಡಸಾಲೆಯ ನಡುವೆ ನಿಂತಿದ್ದಳು.

"ಕಲೆ ಅದಾವು. ಕೈಗೆ ಸ್ಪರ್ಶ ಇಲ್ಲ. ಮಂದಿ ಏನಂತಾರ?"

"ಕಲೆ ಇದ್ದಲ್ಲಿ ಕಡೀತೈತ್ರಿ. ಸೂಜಿ ಚುಚ್ಚಿದ್ರ ಚುರ್ ಅಂತೈತಿ. ಜೋಮು ಹಿಡದದ್ದು ಬೆರಳಿಗೆ, ಅಂಗಾಲಿಗೆ. ಅದೂ ಈ ಔಷಧಾ ಚಾಲೂ ಮಾಡಿದ ಮ್ಯಾಲ. ಡಾಕ್ಟರನ ಕೇಳದ ನಾ ತ್ವಾಟಕ್ಕ ಹೋಗಂಗಿಲ್ಲ."

"ಹೆಂಗ ಕೇಳ್ತಿ?" ಒಳಗಿನಿಂದ ಯಮುನಾಬಾಯಿ ನೆನಪಿಸಿದಳು. "ಚಾತುರ್ಮಾಸ ಮುಗಿಯೂತನಕ ಊರ ಸೀಮಿ ದಾಟಂಗಿಲ್ಲಂತ ಬಸದ್ಯಾಗ ವ್ರತಾ ಹಿಡದಾಕಿ ನೀನ."

"ಹಿಡದಾಕಿ ನಾ, ಮುರಿಯಾಕಿನೂ ನಾನ. ಪ್ರಾಯಶ್ಚಿತ್ತ ನನ್ನ ಹೊಟ್ಟೀಗೆ ಅಕ್ಕಾ, ನಿನ್ನ ಹೊಟ್ಟೀಗಲ್ಲ. ಗಾಡಿ ಹೂಡ್ರಿ ಭಾವಾರ. ನೀವೂ ಬರ್ರಿ. ನಾ ಒಬ್ಬಾಕಿನ ಕೇಳಿ ಬಂದ್ರ ನೀವು ನಂಬಾಂಗಿಲ್ಲ."

ಇಚಲಕರಂಜಿಯಲ್ಲಿ ಡಾಕ್ಟರು ಅವಳ ಕಣ್ಣು ಮುಚ್ಚಿಸಿ ಸೂಜಿಯ ಮೊನೆ ತಾಗಿಸಿದರು. ಕಲೆಯ ಮೇಲೆ ತಾಗಿದಾಗಲೆಲ್ಲ "ಹೂಂ" ಅಂದಳು. ಬೆರಳ ತುದಿಗೆ ತಾಗಿದಾಗ ಸುಮ್ಮನಿದ್ದಳು.

"ಔಷಧಾ ಹೆಂಗ ತಗೊಂಡ್ರಿ?"

"ನೀವು ಹೇಳಿದಂಗ. ಊಟಾದ ಮ್ಯಾಲ."

"ಮೂರೂ ಹೊತ್ತು?"

"ಚಾತುರ್ಮಾಸದಾಗ ನಂದು ಒಂದ ಊಟ ರೀ. ಆಮ್ಯಾಲ ನೀರೂ ಮುಟ್ಟಂಗಿಲ್ಲ. ಮೂರೂ ಹೊತ್ತಿಂದು ಒಂದ ವಾಟಗಾದಾಗ ಹಾಕ್ಕೊಂಡು ಕುಡದೆ."

ಡಾಕ್ಟರು ಸೂಜಿ ಕೆಳಗಿಟ್ಟರು. "ಎರಡು ವಾರಕ್ಕ ಬಂದು ತೋರಸ್ರಿ ಅಂದಿದ್ನೆಲ್ಲ?"

"ಸೀಮಿ ದಾಟಂಗಿರಲಿಲ್ಲ. ಸಂತೀಗೆ ಬರೂ ಮಂದಿ ಕಡೆ ಬಾಟ್ಲಿ ತುಂಬಿಸಿ ತರಿಸಿದೆ. ನಿಮ್ಮ ಕಂಪೌಂಡರ ಇಲ್ಲ ಅನ್ನಲಿಲ್ಲ."

"ನಿಲ್ಲಸಬೇಕಾಗಿತ್ತವ್ವಾ ಅದನ್ನ."

"ಹೇಳಬೇಕಾಗಿತ್ತ್ರಿ. ಈ ಸೀಮ್ಯಾಗಿದ್ದು, ನಮ್ಮ ಮಂದಿ ಯಾವಾಗ ಉಣ್ತಾರ, ಯಾವಾಗ ಬಿಡ್ತಾರಂತ ಕೇಳಲಿಲ್ಲ ನೀವು."

"ಕೇಳಬೇಕಾಗಿತ್ತು, ಖರೆ," ಅಂದರು ಡಾಕ್ಟರು. ಬಾಗಿಲಲ್ಲಿ ನಿಂತಿದ್ದ ತಮ್ಮಣ್ಣನತ್ತ ತಿರುಗಿದರು. "ಇದು ಮಹಾರೋಗ ಅಲ್ರಿ. ಅದಾಗಿದ್ರ ಕಲೀ ಮ್ಯಾಲನ ಸ್ಪರ್ಶ ಇರತಿರಲಿಲ್ಲ. ಔಷಧದಿಂದನ ಆಗೇತಂತ ಕಾಣ್ತೈತಿ. ಇವತ್ತಿಂದ ಬಂದ್. ಜೋಮು ಸಾವಕಾಶ ಇಳೀಬಹುದು. ಪೂರಾ ಹೋಗತೈತಂತ ಮಾತ್ರ ಹೇಳಲಾರೆ."

ಮನೆಯಲ್ಲಿ ಯಾರೂ ಬಾಯಿಂದ ಆಡದ ಆ ಕುಷ್ಠದ ಹೆಸರನ್ನು ಹೀರಾಬಾಯಿ ಮೊದಲ ಸಲ ಗಟ್ಟಿಯಾಗಿ ಕೇಳಿದ್ದು ಅಲ್ಲಿ.

ತಿರುಗಿ ಬರುವಾಗ ತಮ್ಮಣ್ಣ ಕೆಮ್ಮಿದ. "ಅದು ಪೂರಾ ಇಳಿಯೂತನಕ ಬೇಕಾದ್ರ ಹಿತ್ತಲದಾಗನ..."

"ಭಾವಾರ, ಎತ್ತು ನೋಡಿ ಗಾಡಿ ಹೊಡೀರಿ."

ವ್ರತ ಮುರಿದದ್ದಕ್ಕೆ ಮಾರನೆಯ ದಿನ ಉಪವಾಸ ಮಾಡಿದಳು. ಅದರ ಮರುದಿನ ಸ್ನಾನ ಮಾಡಿ, ಯಾರನ್ನೂ ಕೇಳದೆ ಒಲೆಯ ಮುಂದೆ ಕೂತಳು. ಬಾಗಿಲಲ್ಲಿ ಯಮುನಾಬಾಯಿ ನಿಂತೇ ಇದ್ದಳು.

"ನಿಂತು ಏನ ನೋಡ್ತಿ ಅಕ್ಕಾ? ನನ್ನ ಬೆರಳಿಗೆ ಬಿಸಿ ತಿಳಿಯಂಗಿಲ್ಲ. ಬಾಜೂಕ ಕುಂತು, ಸುಡಾಕತ್ರ ಹೇಳು."

ಯಮುನಾಬಾಯಿ ಬಹಳ ಹೊತ್ತು ಅನುಮಾನಿಸಿದಳು. ಕೊನೆಗೆ ಮಣೆ ಎಳೆದುಕೊಂಡು ಕೂತಳು.

ಬೆರಳುಗಳಿಗೆ ಸ್ಪರ್ಶ ಮರಳುವಷ್ಟರಲ್ಲಿ ಬೇಸಿಗೆ ಬಂದಿತ್ತು. ಅಂಗಾಲಿನ ಜೋಮು ಪೂರ್ತಿ ಬಿಡಲೇ ಇಲ್ಲ. ಅಷ್ಟೂ ದಿನ ಆ ಮನೆಯ ರೊಟ್ಟಿ ಬೇಯಿಸಿದವಳು ಹೀರಾಬಾಯಿಯೇ. "ಹೀರಾ, ಕೈ ತಗಿ," ಎಂದು ಯಮುನಾಬಾಯಿ ಹೇಳುವಳು. ಇವಳು ತೆಗೆದು, ಮುಂದಿನ ರೊಟ್ಟಿ ತಟ್ಟುವಳು.